ಜೈತುನಬೀ ಸುಮ್ಮನಿದ್ದ ದಿನ

ಶಹಾಪುರದ ಜೈತುನಬೀಗೆ ಈ ಲೋಕದಲ್ಲಿ ಮನಸ್ಸಿಗೆ ಬಂದವರೇ ಇರಲಿಲ್ಲ. ಬಂಗಾರ ಮಾರುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ, ಕೊಳ್ಳುವವರನ್ನು ಕಂಡರೆ ಇನ್ನೂ ಆಗುತ್ತಿರಲಿಲ್ಲ. ಬಂಗಾರದ ಪಕ್ಕದಲ್ಲೇ ಕೂತು ಮುಪ್ಪಾದವಳ ಮೈಮೇಲೆ ಗುಲಗಂಜಿಯಷ್ಟು ಬಂಗಾರವಿರಲಿಲ್ಲ. ಗಂಡ ಮಸ್ತಾನಸಾಬ ತೀರಿಕೊಂಡ ವರ್ಷ ಮೂಗಿನ ನತ್ತು ತೆಗೆದಿಟ್ಟವಳು, ಮೂಗಿಗೆ ಭಾರ ಕಡಿಮೆಯಾಯಿತು ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು.

ಅವಳದು ಪಟವೇಗಾರರ ಮನೆತನ. ಅಕ್ಕಸಾಲಿ ಮಾಡಿಕೊಟ್ಟ ತಾಳಿ, ಬಂಗಾರದ ಗುಂಡು, ಕರಿಮಣಿಗಳನ್ನು ದಾರಕ್ಕೆ ಪೋಣಿಸಿ, ಗಂಟು ಬಿಗಿದು, ಕೊರಳಿಗೆ ಬರುವ ಹಾಗೆ ಮಾಡಿಕೊಡುವುದು ಪಟವೇಗಾರರ ಕಸುಬು. ಸುರಪುರದ ತವರಿನಲ್ಲಿ ತಾಯಿಯ ಎದುರಿಗೆ ಕೂತು ಜೈತುನಬೀ ಅದನ್ನು ಕಲಿತಿದ್ದಳು. ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಕಾಲು ಚಾಚಿ ಕೂತಳೆಂದರೆ, ಗಂಟು ಮುಗಿಯುವ ತನಕ ರಾಜನೇ ಬಂದರೂ ಏಳುವಂತಿಲ್ಲ. ಎದ್ದರೆ ದಾರ ಸಡಿಲಾಗಿ ಮಣಿಗಳೆಲ್ಲ ನೆಲದ ಪಾಲು. ತಾಯಿ ಹೇಳಿಕೊಟ್ಟ ಇನ್ನೊಂದು ಕಟ್ಟಳೆಯೂ ಇತ್ತು. ದಾರದ ತುದಿ ಚೂಪಾಗಬೇಕೆಂದು ನಾಲಿಗೆಗೆ ತಾಗಿಸಬಾರದು, ಮಣಿ ಉರುಳೀತೆಂದು ತುಟಿಯಲ್ಲಿ ಕಚ್ಚಿಡಬಾರದು. ಮುತ್ತೈದೆಯರ ತಾಳಿ ಅದು, ಎಂಜಲಾಗಬಾರದು. ಜೈತುನಬೀ ಪಕ್ಕದಲ್ಲಿ ಸದಾ ಒಂದು ಬಟ್ಟಲಲ್ಲಿ ಒದ್ದೆ ಅರಿವೆ ಇಟ್ಟುಕೊಂಡಿರುತ್ತಿದ್ದಳು. ಗಿರಾಕಿ ಅತ್ತ ತಿರುಗಿದ್ದೇ ತಡ ದಾರವನ್ನು ಬಾಯಿಗೆ ಹಾಕುವ ಪಟವೇಗಾರರು ಊರಲ್ಲಿ ಇಲ್ಲದಿಲ್ಲ. ಅಂಥವರ ಹೆಸರು ಬಂದರೆ ಅವಳು ಮೊದಲು ಉಗುಳಿ ಆಮೇಲೆ ಮಾತಾಡುತ್ತಿದ್ದಳು.

ತಾಳಿ ಪೋಣಿಸಿಕೊಳ್ಳಲು ಬರುವ ಹೆಂಗಸು ಬರಿಗೊರಳಲ್ಲಿ ಕೂರುವಂತಿಲ್ಲ. ಮೊದಲು ಅರಿಶಿನ ಹಚ್ಚಿದ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಕೊರಳಿಗೆ ಹಾಕಿಕೊಂಡು, ಆಮೇಲೆ ತಾಳಿ ತೆಗೆದು ಪಟವೇಗಾರರ ಕೈಗೆ ಕೊಡಬೇಕು. ಕೊಟ್ಟಮೇಲೆ ಅಲ್ಲೇ ಕೂರಬೇಕು, ಕಟ್ಟಿಸಿಕೊಂಡೇ ಏಳಬೇಕು. ಕೂತ ಹೆಂಗಸರೆಲ್ಲ ಜೈತುನಬೀಯ ಬೆರಳುಗಳ ಮೇಲೆ ನೆಟ್ಟ ಕಣ್ಣು ಕೀಳುತ್ತಿರಲಿಲ್ಲ. ಎಲ್ಲಿ ಒಂದು ಗುಂಡು ಜಾರಿಸಿಬಿಡುತ್ತಾಳೋ ಎಂಬ ಗುಮಾನಿ. "ಅಷ್ಟ ಸಂಶಯ ಇದ್ರ ಕೊಳ್ಳಾಗ ಯಾಕ ಹಾಕ್ಕೋತೀರಿ, ಪೆಟಿಗ್ಯಾಗ ಇಟ್ಟು ಪೂಜಿ ಮಾಡ್ರಿ" ಎಂದು ಅವಳು ಮುಖದ ಮೇಲೆಯೇ ಹೇಳುತ್ತಿದ್ದಳು. ಹೆಂಗಸರು ಬೈಸಿಕೊಂಡು ಮತ್ತೆ ಅವಳ ಹತ್ತಿರವೇ ಬರುತ್ತಿದ್ದರು, ಏಕೆಂದರೆ ಅವಳ ಗಂಟು ಬಿಚ್ಚಿದ್ದನ್ನು ಯಾರೂ ನೋಡಿರಲಿಲ್ಲ.

ಒಬ್ಬಳು ಮಾತ್ರ ಹಾಗೆ ನೋಡುತ್ತಿರಲಿಲ್ಲ. ದೋರನಹಳ್ಳಿಯ ಮಲ್ಲಾಬಾಯಿ. ಹತ್ತಿ ಬಿಡಿಸುವ ಕೂಲಿಯವಳು. ಅರಳೆ ತುಂಬಿದ ಉಡಿಯ ಗಂಟನ್ನು ಕುತ್ತಿಗೆಗೆ ಬಿಗಿದುಕೊಂಡು ದಿನವಿಡೀ ಬಗ್ಗುವುದರಿಂದ ಅವಳ ತಾಳಿಯ ದಾರ ವರ್ಷ ತುಂಬುವುದರೊಳಗೆ ಸವೆದು ನೂಲಾಗುತ್ತಿತ್ತು. ಬಂದು ತಾಳಿ ಕೊಟ್ಟು, ಗೋಡೆಗೆ ಒರಗಿ, ಎರಡು ಮಾತು ಆಡುವುದರೊಳಗೆ ಬಾಯಿ ತೆರೆದು ನಿದ್ದೆ ಹೋಗುತ್ತಿದ್ದಳು. ಮುಗಿದಾಗ ಜೈತುನಬೀಯೇ ಕಾಲಿನಿಂದ ಮೆಲ್ಲಗೆ ತಿವಿದು ಎಬ್ಬಿಸಬೇಕು. ಇವಳಷ್ಟು ದಡ್ಡಿ ತಾಲೂಕಿನಲ್ಲೇ ಇಲ್ಲ ಎಂದು ಜೈತುನಬೀ ಅಂದುಕೊಳ್ಳುತ್ತಿದ್ದಳು. ಹಾಗೆ ಅಂದುಕೊಳ್ಳುತ್ತಲೇ ಮಲ್ಲಾಬಾಯಿಯ ತಾಳಿಗೆ ಯಾರಿಗೂ ಹಾಕದ ಒಂದು ಗಂಟನ್ನು ಹೆಚ್ಚಿಗೆ ಹಾಕುತ್ತಿದ್ದಳು.

ಆಗ ಜೈತುನಬೀ ಕೂರುತ್ತಿದ್ದದ್ದು ಸರಾಫ ಬಜಾರದ ಒಂದು ಮೆಟ್ಟಿಲ ಮೇಲೆ. ಬಸ್ ನಿಲ್ದಾಣದ ರಸ್ತೆಯಲ್ಲಿ ಬಂಗಾರದ ಹೊಸ ಶೋರೂಮು ತೆರೆದ ಮೇಲೆ ಕಾಲ ಬದಲಾಯಿತು. ಯಾದಗಿರಿಯ ಶಾಂತಕುಮಾರ ಸಾವ್ಕಾರ ಕಟ್ಟಿಸಿದ್ದು. ಎದುರಿಗೆ ಆಳೆತ್ತರದ ಗಾಜು, ಒಳಗೆ ಹೆಜ್ಜೆ ಇಟ್ಟರೆ ಮೊಣಕಾಲು ಹಿಡಿದುಕೊಳ್ಳುವಷ್ಟು ಎಸಿ, ಬಾಗಿಲಲ್ಲಿ ಮೀಸೆ ತಿರುವಿಕೊಂಡು ಬಂದೂಕು ಹಿಡಿದ ಪರಮಣ್ಣ. ವಜ್ರವಂತೆ, ಪ್ಲಾಟಿನಂ ಅಂತೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರಿನ ಹಿಂದೆ ಓಡುವ ಊರಿಗೆ ಪ್ಲಾಟಿನಂ ಬಂತಲ್ಲ ಎಂದು ಜೈತುನಬೀ ಮೆಟ್ಟಿಲ ಮೇಲೆ ಕೂತೇ ನಕ್ಕಿದ್ದಳು. ನಕ್ಕವಳನ್ನೇ ಸಾವ್ಕಾರ ಬಂದು ಕರೆದ. ಮದುವೆ ಬಂಗಾರ ಕೊಳ್ಳಲು ಬರುವ ದೊಡ್ಡ ಮನೆಯವರಿಗೆ ಕಣ್ಣೆದುರೇ ತಾಳಿ ಪೋಣಿಸುವುದನ್ನು ತೋರಿಸಿದರೆ ಖುಷಿಯಾಗುತ್ತದಂತೆ. ಒಂದು ಮೂಲೆಯಲ್ಲಿ ಕೆಂಪು ಗಾದಿ ಹಾಸಿ, ಹಿಂದೆ ಹಿತ್ತಾಳೆ ದೀಪ ಇಟ್ಟು, ‘ಪರಂಪರೆ’ ಎಂದು ಬೋರ್ಡು ಬರೆಸಿದ್ದ.

"ನಾ ಏನ್ ಮೃಗಾಲಯದ ಕೋತಿ ಏನ್ರಿ, ಮಂದಿ ನೋಡಾಕ?" ಎಂದಳು ಜೈತುನಬೀ. ಆದರೆ ಮೆಟ್ಟಿಲಿನ ಬಿಸಿಲು ವಯಸ್ಸಾದ ತಲೆಗೆ ತಡೆಯುತ್ತಿರಲಿಲ್ಲ. ಒಂದು ಕರಾರಿನ ಮೇಲೆ ಒಪ್ಪಿದಳು. ಅವಳ ಹಳೆಯ ಗಿರಾಕಿಗಳೂ ಅಲ್ಲಿಗೇ ಬರುತ್ತಾರೆ, ಮುಂದಿನ ಬಾಗಿಲಿನಿಂದಲೇ ಬರುತ್ತಾರೆ. ಸಾವ್ಕಾರ ಹಲ್ಲು ಕಚ್ಚಿ ಹೂಂ ಅಂದ. ಅಂದಿನಿಂದ ದೋರನಹಳ್ಳಿ, ಕೊಂಕಲ್ ಕಡೆಯ ಹೆಂಗಸರು ಹೊಲದ ಕರಿಮಣ್ಣು ಮೆತ್ತಿದ ಪಾದಗಳಲ್ಲಿ ಆ ಹೊಳೆಯುವ ನೆಲ ತುಳಿಯುತ್ತಿದ್ದರು. ಅವರ ಹಿಂದೆಯೇ ನೆಲ ಒರೆಸುವವಳೊಬ್ಬಳು ಬರುತ್ತಿದ್ದಳು. ಅದನ್ನು ನೋಡುವುದೇ ಜೈತುನಬೀಗೆ ಆ ಅಂಗಡಿಯಲ್ಲಿದ್ದ ಒಂದೇ ಸುಖ.

ದರೋಡೆ ಆದದ್ದು ಮಟಮಟ ಮಧ್ಯಾಹ್ನ, ಊರು ಉಂಡು ತೂಕಡಿಸುವ ಹೊತ್ತಿನಲ್ಲಿ.

ಮಲ್ಲಾಬಾಯಿ ಬಂದಿದ್ದಳು. ಅರಿಶಿನದ ದಾರ ಕಟ್ಟಿಕೊಂಡು ಮೆತ್ತನೆಯ ಕುರ್ಚಿಯಲ್ಲಿ ಕೂತು ಆಗಲೇ ಕಣ್ಣು ಮುಚ್ಚಿದ್ದಳು. ಅವಳ ಎರಡು ತಾಳಿ, ನಾಲ್ಕು ಗುಂಡು, ಕರಿಮಣಿ ಎಲ್ಲ ಜೈತುನಬೀಯ ಹೆಬ್ಬೆರಳಿಂದ ಹೊರಟ ದಾರದಲ್ಲಿದ್ದವು. ಆಗ ಬಾಗಿಲ ಗಾಜು ಸಿಡಿದು ನಾಲ್ವರು ನುಗ್ಗಿದರು. ತಲೆಗೆ ಹೆಲ್ಮೆಟ್, ಕೈಯಲ್ಲಿ ಪಿಸ್ತೂಲು, ಬಾಯಲ್ಲಿ ಹಿಂದಿ. ಒಬ್ಬ ಛಾವಣಿಗೆ ಗುಂಡು ಹಾರಿಸಿದ. ಎಸಿಯ ತಂಪಿಗೆ ಒಬ್ಬನ ಹೆಲ್ಮೆಟ್ಟಿನ ಗಾಜು ಮಂಜಾಗಿ ದಾರಿ ಕಾಣದೆ ಮೊದಲ ಕೌಂಟರಿಗೇ ಡಿಕ್ಕಿ ಹೊಡೆದ. ಇವರ ಯೋಗ್ಯತೆಗೆ ದರೋಡೆ ಬೇರೆ ಕೇಡು ಎಂದುಕೊಂಡಳು ಜೈತುನಬೀ.

ಅಂಗಡಿಯವರ ಯೋಗ್ಯತೆ ಅದಕ್ಕಿಂತ ಚೆಂದವಿತ್ತು. ಎಲ್ಲರಿಗಿಂತ ಮೊದಲು ಮಕಾಡೆ ಮಲಗಿದವನು ಪರಮಣ್ಣ. ಮಲಗುವ ಮುಂಚೆ ಬಂದೂಕನ್ನು ಗುಡಿಯ ಹೊರಗೆ ಚಪ್ಪಲಿ ಬಿಡುವವರಂತೆ ಒಪ್ಪವಾಗಿ ಪಕ್ಕಕ್ಕಿಟ್ಟ. ಸಾವ್ಕಾರ ಮೇಜಿನ ಕೆಳಗಿನಿಂದ ಕೀಲಿಗೊಂಚಲು ಎಸೆದು, "ಎಲ್ಲಾ ಒಯ್ರಿ, ನನಗ ಹೊಡೀಬ್ಯಾಡ್ರಿ" ಎಂದು ಗೋಗರೆದ. ಮಲ್ಲಾಬಾಯಿ ಕುರ್ಚಿಯಿಂದ ಜಾರಿ ಅದರ ಕೆಳಗೇ ಸೇರಿಕೊಂಡು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗಡಗಡ ನಡುಗುತ್ತಿದ್ದಳು. ಇದಕ್ಕೂ ಸತ್ವ ಇಲ್ಲ ಎಂದು ಜೈತುನಬೀ ಅವಳನ್ನೂ ಹೇಡಿಗಳ ಪಟ್ಟಿಗೆ ಸೇರಿಸಿದಳು.

ದರೋಡೆಕೋರರು ಕೌಂಟರುಗಳನ್ನು ಒಡೆದು ಚೀಲ ತುಂಬುತ್ತಿದ್ದರು. ಹೆಲ್ಮೆಟ್ ಮಂಜಾಗಿದ್ದವನು ಗಿರಾಕಿ ಹೆಂಗಸರ ಕಡೆ ಬಂದು ಒಬ್ಬೊಬ್ಬರ ಕೊರಳಿನಿಂದ ಸರ ಹರಿದು, ಸೊಂಟದ ಚೀಲ ತಡವಿ, ಕುಪ್ಪಸದ ಅಂಚನ್ನೂ ಬಿಡದೆ ಜಗ್ಗಿ ನೋಡುತ್ತಿದ್ದ. ಮುಂದಿನ ಸರದಿ ತನ್ನದೆಂದು ಜೈತುನಬೀಗೆ ತಿಳಿಯಿತು. ಮಲ್ಲಾಬಾಯಿಯ ತಾಳಿಯನ್ನು ಗಾದಿಯ ಕೆಳಗೆ ತುರುಕೋಣವೆಂದರೆ ಗಾದಿಯನ್ನು ಹಲಗೆಗೆ ಮೊಳೆ ಹೊಡೆದು ಕೂರಿಸಿದ್ದರು. ಮಡಿಲಲ್ಲಿಟ್ಟರೆ ಅವನು ತಡವುತ್ತಾನೆ, ಎಸೆದರೆ ಕಾಣುತ್ತದೆ. ಬ್ಲೇಡಿನಿಂದ ದಾರ ಕೊಯ್ದಳು. ಕರಿಮಣಿಗಳು ಸುರಿದುಹೋದವು. ತಾಳಿಗಳನ್ನೂ ಗುಂಡುಗಳನ್ನೂ ಬಾಚಿ ಹಿಡಿದಳು. ತಾಯಿಯ ಮಾತು ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ, ಬಂತು. ಬಂದರೂ ಅವಳು ಅವನ್ನೆಲ್ಲ ಬಾಯಿಗೆ ಹಾಕಿಕೊಂಡಳು. ಬಾಯಲ್ಲಿ ಎಲೆ ಅಡಿಕೆ ಬೇರೆ ಇತ್ತು.

"ಏ ಬುಡ್ಡೀ, ಉಠ್" ಎಂದು ಅವನು ಪಿಸ್ತೂಲನ್ನು ಹಣೆಗೆ ಇಟ್ಟ.

ಬೇರೆ ದಿನವಾಗಿದ್ದರೆ ಅವಳು ಅವನದೇ ಭಾಷೆಯಲ್ಲಿ ಅವನ ಏಳು ತಲೆಮಾರನ್ನು ಎಬ್ಬಿಸಿ ನಿಲ್ಲಿಸುತ್ತಿದ್ದಳು. ಅಂದು ತುಟಿ ಬಿಗಿದು ಕೂತಳು. ಅವನು ಅವಳ ಮಡಿಲು ತಡವಿದ, ಸೊಂಟ ತಡವಿದ, ಕೊನೆಗೆ ಎಲೆ ಅಡಿಕೆಯ ಸಂಚಿ ಕಿತ್ತುಕೊಂಡ. ಅದರಲ್ಲಿ ಸುಣ್ಣದ ಡಬ್ಬಿ ಬಿಟ್ಟರೆ ಮುರುಕು ಅಡಿಕೆಯಷ್ಟೇ ಇದ್ದದ್ದು. ಬಗ್ಗಿ ಕುರ್ಚಿಯ ಕೆಳಗೆ ನೋಡಿದ. ಮಲ್ಲಾಬಾಯಿಯ ಕೊರಳಲ್ಲಿ ಅರಿಶಿನದ ಕೊಂಬು ಕಂಡು, ದರಿದ್ರದವಳು ಎಂಬಂತೆ ಬಿಟ್ಟು ಹೋದ. ಎರಡು ಬೈಕುಗಳು ಜೇವರ್ಗಿ ರಸ್ತೆಯತ್ತ ಕಿರುಚುತ್ತ ಓಡಿದವು.

ಅಂಗಡಿಯಲ್ಲಿ ಅಳು ಶುರುವಾಯಿತು. ಆ ಗದ್ದಲದಲ್ಲಿ ಜೈತುನಬೀ ಮೂಲೆಗೆ ತಿರುಗಿ ಬಾಯಲ್ಲಿದ್ದದ್ದನ್ನು ಕೈಗೆ ತೆಗೆದಳು. ಗಿರಾಕಿಗಳಿಗೆಂದು ಇಟ್ಟಿದ್ದ ಗಾಜಿನ ಲೋಟದ ನೀರಲ್ಲಿ ತೊಳೆದು, ಒದ್ದೆ ಅರಿವೆಯಲ್ಲಿ ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಉರುಳಿದ ಕರಿಮಣಿಗಳನ್ನು ಸಿಕ್ಕಷ್ಟು ಆರಿಸಿ, ಕಡಿಮೆ ಬಿದ್ದದ್ದಕ್ಕೆ ತನ್ನ ಡಬ್ಬಿಯಿಂದ ಹಾಕಿ, ಹೊಸ ದಾರಕ್ಕೆ ಪೋಣಿಸಿದಳು. ಮಲ್ಲಾಬಾಯಿ ಎದ್ದು ಬಂದು ಎದುರಿಗೆ ಕೂತಿದ್ದಳು, ಅವಳಿಗೆ ನಿದ್ದೆ ಹಾರಿತ್ತು.

"ಎಲ್ಲಿ ಇಟ್ಟಿದ್ದಿ ಬೀಬಿ, ಅವಗ ಸಿಗದಂಗ?"

"ಗಾದಿ ಬುಡಕ ತುರುಕಿದ್ದೆ."

"ಗಾದಿ ಬುಡಕೇನು?"

"ಹೂಂ. ಕುತ್ತಿಗಿ ಬಗ್ಗಸು."

ಮಲ್ಲಾಬಾಯಿ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಕುತ್ತಿಗೆ ಬಗ್ಗಿಸಿದಳು. ಜೈತುನಬೀ ಕಟ್ಟಿದಳು, ಆ ಹೆಚ್ಚಿನ ಗಂಟನ್ನೂ ಹಾಕಿದಳು.

ಪೊಲೀಸರು ಬಂದರು, ಟಿವಿಯವರು ಅವರಿಗಿಂತ ಮೊದಲೇ ಬಂದರು. ಯಾರೂ ಹೊರಗೆ ಹೋಗುವಂತಿರಲಿಲ್ಲ, ಎಲ್ಲರ ಹೇಳಿಕೆ ಬೇಕಿತ್ತು. ಗಾದಿಯ ಮೇಲೆ ಕೂತ ಜೈತುನಬೀ ಸುಳ್ಳಿನ ಸಂತೆಯನ್ನು ಬಿಟ್ಟಿ ನೋಡಿದಳು. ಪರಮಣ್ಣ ಒಬ್ಬನ ಕಾಲರು ಹಿಡಿದು ಎಳೆದಾಡಿದ್ದನಂತೆ, ಅವನು ತಪ್ಪಿಸಿಕೊಂಡನಂತೆ. ನಾಲ್ವರು ದರೋಡೆಕೋರರು ಸೇಲ್ಸ್‌ಮನ್ನುಗಳ ಬಾಯಲ್ಲಿ ಎಂಟಾದರು. ಸಾವ್ಕಾರನಂತೂ ಮೊದಲ ಟಿವಿಯವನಿಗೆ ಎರಡು ಕೌಂಟರು ಹೋದವು ಅಂದವನು, ಮೂರನೆಯವನ ಹೊತ್ತಿಗೆ ಇಡೀ ಅಂಗಡಿಯನ್ನೇ ದರೋಡೆಕೋರರ ಚೀಲಕ್ಕೆ ತುಂಬಿ ಕಳಿಸಿಬಿಟ್ಟಿದ್ದ. ಹಿಂದಿನ ಕೋಣೆಯ ತಿಜೋರಿ ಮುಟ್ಟದೆ ಉಳಿದಿದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು. ಇನ್ಶೂರೆನ್ಸ್ ಎಂಬ ಮಾತು ಅವನ ಬಾಯಿಂದ ದೇವರ ನಾಮದ ಹಾಗೆ ಬರುತ್ತಿತ್ತು. ಒಳಗೆ ಬಂದು ಒಯ್ದವರು ಕಳ್ಳರೋ, ಒಳಗೇ ಕೂತು ಲೆಕ್ಕ ಹೇಳುತ್ತಿರುವವನು ಕಳ್ಳನೋ ಎಂದು ಅವಳಿಗೆ ಹೇಸಿಕೆ ಬಂತು. ಆ ಹೇಸಿಕೆ ಅಂದು ಎಂದಿನಷ್ಟು ರುಚಿಸಲಿಲ್ಲ. ತನ್ನ ಗಾದಿಯ ಮೇಲೆ ಕೈಯಿಟ್ಟಾಗಲೆಲ್ಲ ಮೊಳೆಯ ತಲೆಗಳು ಬೆರಳಿಗೆ ತಾಗುತ್ತಿದ್ದವು.

ಇನ್ಸ್‌ಪೆಕ್ಟರ್ ಕ್ಯಾಮೆರಾದ ದೃಶ್ಯ ನೋಡಲು ಕೂತರು. ಪಕ್ಕದಲ್ಲಿ ಸಾವ್ಕಾರ. ಇದ್ದಕ್ಕಿದ್ದಂತೆ ಸಾವ್ಕಾರ ಎದ್ದು ನಿಂತು ಜೈತುನಬೀಯ ಕಡೆ ಬೆರಳು ತೋರಿಸಿದ.

"ಸಾಹೇಬ್ರ, ಈ ಮುದುಕಿ ನೋಡ್ರಿ. ಗದ್ದಲದಾಗ ಬಂಗಾರ ಬಾಯಾಗ ಹಾಕ್ಕೊಂಡಾಳ. ಕೈ ನೋಡ್ರಿ, ಬಾಯಿ ನೋಡ್ರಿ. ಉಂಡ ಮನಿಗೆ ಕನ್ನಾ ಹಾಕ್ಯಾಳ."

"ಅದಕ್ಕ ಸುಮ್ಮನಿದ್ಲ್ರಿ" ಎಂದು ಪರಮಣ್ಣ ದನಿಗೂಡಿಸಿದ. "ಫ್ಯಾನ್ ಸಪ್ಪಳ ಮಾಡಿದ್ರ ಫ್ಯಾನಿಗೆ ಬೈಯಾಕಿ. ಹಣಿಗೆ ಪಿಸ್ತೂಲ್ ಇಟ್ರೂ ಒಂದು ಮಾತು ಆಡಲಿಲ್ಲ ಅಂದ್ರ ಬಾಯಾಗ ಏನೋ ಇತ್ತ್ರಿ."

ಮಲಗಿದಲ್ಲಿಂದ ಅಷ್ಟನ್ನಾದರೂ ನೋಡಿದ್ದನಲ್ಲ ಪುಣ್ಯಾತ್ಮ.

ಇನ್ಸ್‌ಪೆಕ್ಟರ್ ಅವಳನ್ನು ಹತ್ತಿರ ಕರೆದರು. "ಏನ್ ಹಾಕ್ಕೊಂಡಿ ಅಮ್ಮಾ ಬಾಯಾಗ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿದರೆ ಕಳ್ಳಿ ಎಂಬ ಹೆಸರು ಆ ಗಳಿಗೆಯಲ್ಲೇ ತೊಳೆದುಹೋಗುತ್ತಿತ್ತು. ಆದರೆ ಮಲ್ಲಾಬಾಯಿ ಎರಡು ಮಾರು ದೂರದಲ್ಲಿ ನಿಂತಿದ್ದಳು, ತಾಳಿ ಅವಳ ಕೊರಳಲ್ಲಿತ್ತು. ಎಂಜಲು ಮಾಡಿದೆ, ಮಾಡಿದ್ದನ್ನು ಮುಚ್ಚಿಟ್ಟು ನಿನ್ನ ಕೊರಳಿಗೇ ಕಟ್ಟಿದೆ, ಗಾದಿ ಬುಡಕ ಅಂತ ಸುಳ್ಳು ಹೇಳಿದೆ ಎಂದು ಇಷ್ಟು ಮಂದಿಯ ಎದುರಿಗೆ ಹೇಳಬೇಕಿತ್ತು. ಪಿಸ್ತೂಲಿಗೆ ಹೆದರದ ಜೈತುನಬೀಗೆ ಆಗ ಹೆದರಿಕೆಯಾಯಿತು. ಕಳ್ಳಿ ಅನ್ನಲಿ ಎಂದುಕೊಂಡಳು. ಬಾಯಿ ಬಿಡಲಿಲ್ಲ.

"ನೋಡಿದ್ರಿಲ್ರಿ?" ಎಂದ ಸಾವ್ಕಾರ. "ದವಾಖಾನಿಗೆ ಒಯ್ದು ಹೊಟ್ಟಿ ಫೋಟೋ ತೆಗಸ್ರಿ."

"ಹೊಟ್ಟ್ಯಾಗ ಇಲ್ರಿ ಅದು" ಎಂದಳು ಮಲ್ಲಾಬಾಯಿ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಅಲ್ಲಿದ್ದಾಳೆಂಬುದೇ ಯಾರಿಗೂ ನೆನಪಿರಲಿಲ್ಲ.

"ಕುರ್ಚಿ ಬುಡಕ ಇದ್ದೆ ನಾ. ಸೆರಗಿನ ಸಂದ್ಯಾಗಿಂದ ನೋಡಾಕತ್ತಿದ್ದೆ. ಆಕಿ ಬಾಯಾಗ ಹಾಕ್ಕೊಂಡಿದ್ದು ನನ್ನ ತಾಳಿ, ನಿಮ್ಮ ಅಂಗಡೀದಲ್ರಿ. ತೊಳದು ಪೋಣಿಸಿ ಕಟ್ಯಾಳ. ಇಲ್ಲೇ ಐತಿ ನೋಡ್ರಿ." ತಾಳಿಯನ್ನು ಸೆರಗಿನಿಂದ ಹೊರಗೆ ತೆಗೆದು ಹಿಡಿದಳು.

ಇನ್ಸ್‌ಪೆಕ್ಟರ್ ದೃಶ್ಯವನ್ನು ಮತ್ತೊಮ್ಮೆ ಓಡಿಸಿ ನೋಡಿ, ದಾರ ಕೊಯ್ದದ್ದನ್ನೂ ತೊಳೆದದ್ದನ್ನೂ ಕಂಡು ಹೂಂಗುಟ್ಟಿದರು. ಕೌಂಟರಿನ ಹುಡುಗಿಯೊಬ್ಬಳು, "ಅಯ್ಯ, ಎಂಜಲಾ" ಎಂದು ಮುಖ ಸಿಂಡರಿಸಿದಳು. ಸಾವ್ಕಾರ ಮಾತ್ರ ವ್ಯಾಪಾರಿ. ಆಪಾದನೆ ನುಂಗಿದ ಬಾಯಲ್ಲೇ ನಗೆ ತಂದುಕೊಂಡ. "ಹೌದಬೇ ಯವ್ವಾ, ಎಂಜಲ ತಾಳಿ ಕೊಳ್ಳಾಗ ಇರಬಾರದು. ಇದನ್ನ ಕೊಟ್ಟು ಹೊಸಾದು ತಗೋ. ಮಜೂರಿ ಬಿಟ್ಟು ಕೊಡ್ತೀನಿ."

ಗಾಜಿನ ಚೂರುಗಳ ನಡುವೆ ನಿಂತು ಅವನು ಹೀಗೆ ಹೇಳಿದ. ಮಲ್ಲಾಬಾಯಿ ಹತ್ತಿಕಾಯಿಯೊಳಗಿನ ಹುಳವನ್ನು ನೋಡುವ ಹಾಗೆ ಅವನನ್ನು ನೋಡಿ, ತಾಳಿಯನ್ನು ಒಳಗೆ ಸೇರಿಸಿಕೊಂಡು ಹೊರಗೆ ನಡೆದಳು.

ಜೈತುನಬೀ ಒದ್ದೆ ಅರಿವೆಯ ಬಟ್ಟಲನ್ನೂ ಡಬ್ಬಿಯನ್ನೂ ಎತ್ತಿಕೊಂಡು ಅವಳ ಹಿಂದೆಯೇ ಹೊರಟಳು. ಬಸ್ ನಿಲ್ದಾಣದಲ್ಲಿ ದೋರನಹಳ್ಳಿಯ ಬಸ್ಸು ಇನ್ನೂ ಬಂದಿರಲಿಲ್ಲ. ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು. ಜೈತುನಬೀ ಕೇಳಿದಳು.

"ನೋಡಿದ್ದಿ ಅಂದ್ರ ಕಟ್ಟುಮುಂದ ಯಾಕ ಸುಮ್ಮನಿದ್ದಿ? ಯಾಕ ಕುತ್ತಿಗಿ ಬಗ್ಗಿಸಿದಿ?"

"ಬಾಯಾಗ ಇಟ್ಕೊಂಡಿದ್ದಕ್ಕ ನನಗೇನೂ ಅನಿಸಿಲ್ಲ ಬೀಬಿ. ದಿನಾ ನನ್ನ ಬೆವರಾಗ ತೊಯ್ಯೂ ತಾಳಿ ಅದು. ಹಣಿಗೆ ಪಿಸ್ತೂಲ್ ಇಡಿಸ್ಕೊಂಡು ಉಳಿಸಿ ಕೊಟ್ಟಿ, ಸಾಯೂ ತನಕ ಮರಿಯಂಗಿಲ್ಲ." ಮಲ್ಲಾಬಾಯಿ ರಸ್ತೆಯ ಕಡೆಯೇ ನೋಡುತ್ತಿದ್ದಳು. "ಎಲ್ಲಿ ಇಟ್ಟಿದ್ದಿ ಅಂತ ಎರಡ ಸಲ ಕೇಳಿದೆ. ನೀ ಹೇಳ್ತಿ ಅಂತ ಕುಂತಿದ್ದೆ. ನೀ ಹೇಳಲಿಲ್ಲ."

ಜೈತುನಬೀ ಬಟ್ಟಲಿನ ಒದ್ದೆ ಅರಿವೆಯನ್ನು ಹಿಂಡಿ ಮತ್ತೆ ಅದರಲ್ಲೇ ಇಟ್ಟಳು. ಬಸ್ಸು ಬಂತು, ಮಲ್ಲಾಬಾಯಿ ಹೋಗಿಬರ್ತೀನಿ ಎಂದು ಹತ್ತಿದಳು.

ದರೋಡೆಕೋರರು ವಾರದೊಳಗೆ ಕಲಬುರಗಿಯ ಆಚೆ ಒಂದು ಢಾಬಾದಲ್ಲಿ ಬಿರಿಯಾನಿ ತಿನ್ನುತ್ತ ಸಿಕ್ಕಿಬಿದ್ದರು. ಸಾವ್ಕಾರ ಹೇಳಿದಷ್ಟು ಬಂಗಾರ ತಾವು ಕಣ್ಣಲ್ಲೂ ಕಂಡಿಲ್ಲವೆಂದು ಅವರು ಆಣೆಯಿಟ್ಟರೆಂದು ಊರೆಲ್ಲ ಆಡಿಕೊಂಡು ನಕ್ಕಿತು. ಶೋರೂಮಿಗೆ ಹೊಸ ಗಾಜು ಬಂತು. ಟಿವಿಯಲ್ಲಿ ಬಂದ ಮುದುಕಿಯನ್ನು ನೋಡಬೇಕೆಂದು ಗಿರಾಕಿಗಳು ಕೇಳುತ್ತಾರೆಂದು ಸಾವ್ಕಾರ ಪರಮಣ್ಣನ ಕೈಯಲ್ಲಿ ಹೇಳಿಕಳಿಸಿದ. ಜೈತುನಬೀ ಪರಮಣ್ಣನಿಗೆ ಕೊಟ್ಟ ಉತ್ತರವನ್ನು ಅವನು ಸಾವ್ಕಾರನಿಗೆ ಮುಟ್ಟಿಸುವ ಧೈರ್ಯ ಮಾಡಲಿಲ್ಲ. ಅವಳು ಸರಾಫ ಬಜಾರದ ತನ್ನ ಹಳೆಯ ಮೆಟ್ಟಿಲಿಗೇ ವಾಪಸಾದಳು, ತಲೆಯ ಮೇಲೆ ಗೋಣಿಚೀಲ ಕಟ್ಟಿಕೊಂಡು.

ಮರುವರ್ಷ ಹತ್ತಿ ಬಿಡಿಸುವ ಕೆಲಸ ಮುಗಿದ ಮೇಲೆ ಮಲ್ಲಾಬಾಯಿ ಬಂದಳು. ದೋರನಹಳ್ಳಿಯ ಹಸಿ ಶೇಂಗಾ ಕಟ್ಟಿಕೊಂಡು ಬಂದಿದ್ದಳು. ಮಗಳ ಸುದ್ದಿ ಹೇಳಿದಳು, ಅರಿಶಿನದ ದಾರ ಕಟ್ಟಿಕೊಂಡಳು, ತಾಳಿ ಬಿಚ್ಚಿ ಕೊಟ್ಟಳು. ಜೈತುನಬೀ ದಾರವನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಒದ್ದೆ ಅರಿವೆಗೆ ತುದಿ ಒತ್ತಿ, ಮೊದಲ ಮಣಿ ಏರಿಸಿದಳು. ಎಂದಿನಂತೆ ಗೊರಕೆ ಕೇಳಬಹುದೆಂದು ತಲೆ ತಗ್ಗಿಸಿಯೇ ಕಾದಳು. ಅರ್ಧ ಪೋಣಿಸುವ ತನಕ ಕೇಳಲಿಲ್ಲ. ತಲೆ ಎತ್ತಿದಾಗ ಮಲ್ಲಾಬಾಯಿ ಗೋಡೆಗೆ ಒರಗದೆ ನೆಟ್ಟಗೆ ಕೂತಿದ್ದಳು. ಬೇರೆ ಎಲ್ಲ ಹೆಂಗಸರ ಹಾಗೆ ಅವಳೂ ಜೈತುನಬೀಯ ಬೆರಳುಗಳನ್ನು ನೋಡುತ್ತಿದ್ದಳು.